ಟೈಲರ್ ಅಂಗಡಿಗೆ ಆ್ಯಪ್: ಗಿರಾಕಿ ಎಷ್ಟು ಸಿಗಬಹುದು ಅಂತ ಎಣಿಸೋದು ಹೇಗೆ?

ಪ್ರಶ್ನೆ: ನಾವಿಬ್ಬರು ಗೆಳೆಯರು, ದಾವಣಗೆರೆಯವರು. ಇಬ್ಬರಿಗೂ ಆ್ಯಂಡ್ರಾಯ್ಡ್ ಆ್ಯಪ್ ಬರೆಯುವ ಕೆಲಸ ಗೊತ್ತು. ಟೈಲರ್ ಅಂಗಡಿಗಳಿಗೆ ಒಂದು ಆ್ಯಪ್ ಮಾಡಬೇಕು ಅಂತಿದ್ದೇವೆ. ಗಿರಾಕಿಯ ಅಳತೆ, ಬಟ್ಟೆಯ ಫೋಟೊ, ಡೆಲಿವರಿ ದಿನ, ಬಾಕಿ ಹಣ ಎಲ್ಲ ಅದರಲ್ಲೇ ಇರುತ್ತದೆ. ತಿಂಗಳಿಗೆ 100 ರೂಪಾಯಿ. ಕರ್ನಾಟಕದಲ್ಲಿ 6 ಕೋಟಿ ಜನ ಇದ್ದಾರೆ, ಎಲ್ಲರೂ ಬಟ್ಟೆ ಹೊಲಿಸುತ್ತಾರೆ, ನೂರಕ್ಕೆ ಒಬ್ಬರು ಸಿಕ್ಕರೂ ಸಾಕು ಅಂತ ಗೆಳೆಯ ಹೇಳುತ್ತಾನೆ. ನನಗೆ ಧೈರ್ಯ ಸಾಲುತ್ತಿಲ್ಲ. ಮಾರುಕಟ್ಟೆ ಎಷ್ಟು ದೊಡ್ಡದು ಅಂತ ತಿಳಿಯೋದು ಹೇಗೆ? ಕೆಲಸ ಬಿಟ್ಟು ಇದಕ್ಕೆ ಇಳಿಯಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಲೇ ಕೆಲಸ ಬಿಡಬೇಡಿ. ಆದರೆ ಯೋಚನೆಯನ್ನೂ ಬಿಡಬೇಡಿ. ನಿಮ್ಮ ಊರಿನಲ್ಲೇ, ನಿಮ್ಮ ಕಣ್ಣೆದುರೇ ಇರುವ ಕೆಲಸವನ್ನು ಆರಿಸಿಕೊಂಡಿದ್ದೀರಿ. ಎಣಿಸೋದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ.

ಗೆಳೆಯರ ಲೆಕ್ಕದಲ್ಲಿ ಎರಡು ತಪ್ಪಿವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಆ ಸಂಖ್ಯೆ ಸರಿಯೇ ಇದೆ. ಆದರೆ ನಿಮಗೆ ದುಡ್ಡು ಕೊಡುವವರು ಬಟ್ಟೆ ಹೊಲಿಸುವವರಲ್ಲ, ಹೊಲಿಯುವವರು. ಹಾಗಾಗಿ ಜನರನ್ನು ಎಣಿಸಿ ಪ್ರಯೋಜನ ಇಲ್ಲ, ಅಂಗಡಿಗಳನ್ನು ಎಣಿಸಬೇಕು. ಎರಡನೆಯದು ಆ ‘ನೂರಕ್ಕೆ ಒಬ್ಬರು’. ಅದು ಎಲ್ಲಿಂದ ಬಂತು? ಯಾರೂ ಎಣಿಸಿಲ್ಲ. ಚಿಕ್ಕದಾಗಿ ಕಾಣುತ್ತದೆ ಅನ್ನೋ ಕಾರಣಕ್ಕೆ ಖಂಡಿತ ಸಿಗುತ್ತದೆ ಅನಿಸುತ್ತದೆ, ಅಷ್ಟೇ. ಹೊಸ ಆ್ಯಪ್‌ಗೆ ನೂರಕ್ಕೆ ಒಂದು ತಾನಾಗಿ ಬರುವುದಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ, ಕೂತು, ಕಲಿಸಿ ಪಡೆಯಬೇಕು.

ನಾನು ಈ ಪಾಠ ಕಲಿತದ್ದು ಶಾಲಾ ವ್ಯಾನ್‌ಗಳ ಆ್ಯಪ್ ಮಾಡಿದಾಗ. ವ್ಯಾನ್ ಎಲ್ಲಿದೆ ಅಂತ ತಂದೆತಾಯಿಗೆ ಫೋನಿನಲ್ಲಿ ಕಾಣಿಸುವ ಆ್ಯಪ್ ಅದು. ಮಕ್ಕಳನ್ನು ಎಣಿಸಿದೆವು, ಸಂಖ್ಯೆ ಬಹಳ ದೊಡ್ಡದಾಗಿ ಬಂತು. ತೋರಿಸಿದಾಗ ಎಲ್ಲರೂ ಇಷ್ಟಪಟ್ಟರು. ದುಡ್ಡಿನ ಮಾತು ಬಂದಾಗ ಡ್ರೈವರ್ ಶಾಲೆಯ ಕಡೆ ಕೈ ತೋರಿಸಿದ, ಶಾಲೆಯವರು ತಂದೆತಾಯಿ ಕೊಡಲಿ ಅಂದರು, ತಂದೆತಾಯಿ ‘ವ್ಯಾನ್ ಫೀಸಿನಲ್ಲೇ ಸೇರಿಲ್ವಾ?’ ಅಂದರು. ಅನುಕೂಲ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಆದಾಗ ಎಷ್ಟು ಮಕ್ಕಳಿದ್ದರೂ ಮಾರುಕಟ್ಟೆ ಇಲ್ಲ. ನಿಮ್ಮ ವಿಷಯದಲ್ಲಿ ಆ ತೊಂದರೆ ಕಡಿಮೆ. ಅಳತೆ ಕಳೆದುಹೋದರೆ ಬೈಸಿಕೊಳ್ಳುವವರು ಟೈಲರ್, ದುಡ್ಡು ಕೊಡಬೇಕಾದವರೂ ಟೈಲರ್. ಇದು ನಿಮಗಿರುವ ದೊಡ್ಡ ಅನುಕೂಲ.

ಈಗ ಎಣಿಕೆಗೆ ಬರೋಣ. ಇದಕ್ಕೆ ನೀವು ಬೈಕ್ ಹತ್ತಬೇಕು.

ದಾವಣಗೆರೆ ಪಾಲಿಕೆಯಲ್ಲಿ 45 ವಾರ್ಡ್ ಇವೆ. ಎಲ್ಲ ಸುತ್ತಬೇಕಿಲ್ಲ. ಮೂರು ಬೇರೆ ಬೇರೆ ತರಹದ ಜಾಗ ಆರಿಸಿ. ಮಂಡಿಪೇಟೆ, ಚೌಕಿಪೇಟೆ ಕಡೆಯ ಹಳೆ ಪೇಟೆ ಒಂದು. ವಿದ್ಯಾನಗರದಂಥ ಬಡಾವಣೆ ಒಂದು. ದುಡಿಯುವ ಜನ ಜಾಸ್ತಿ ಇರುವ ಇನ್ನೊಂದು. ಪ್ರತಿ ರಸ್ತೆಯಲ್ಲೂ ನಿಧಾನಕ್ಕೆ ಹೋಗಿ ಬೋರ್ಡ್ ಇರುವ ಟೈಲರ್ ಅಂಗಡಿ ಎಷ್ಟು ಅಂತ ಬರೆದುಕೊಳ್ಳಿ. ಒಳಗೆ ಎಷ್ಟು ಮಷಿನ್ ಕಾಣುತ್ತವೆ ಅಂತಲೂ ಬರೆಯಿರಿ. ಈ ಮಷಿನ್ ಸಂಖ್ಯೆಯನ್ನು ಮರೆಯಬೇಡಿ, ಮುಂದೆ ಇಡೀ ಲೆಕ್ಕ ಅದರ ಮೇಲೇ ನಿಲ್ಲುತ್ತದೆ. ಆಮೇಲೆ ಊರಿನ ಉಳಿದ ವಾರ್ಡ್‌ಗಳಲ್ಲಿ ಯಾವುದು ಯಾವ ತರಹದ್ದು ಅಂತ ನೀವೇ ವಿಂಗಡಿಸಿ ಗುಣಿಸಿ. ಪೇಟೆಯ ಸಂಖ್ಯೆಯನ್ನೇ 45ರಿಂದ ಗುಣಿಸಬೇಡಿ. ಟೈಲರ್‌ಗಳು ಬಟ್ಟೆ ಅಂಗಡಿಗಳ ಸುತ್ತಮುತ್ತ ಗುಂಪಾಗಿ ಇರುತ್ತಾರೆ. ಹಾಗೆ ಗುಣಿಸಿದರೆ ಲೆಕ್ಕ ಉಬ್ಬಿಬಿಡುತ್ತದೆ. ಒಂದು ವಾರ್ಡಿಗೆ ಸರಾಸರಿ 4 ಅಂಗಡಿ ಅಂತ ಬಂತು ಅಂದುಕೊಳ್ಳಿ. 180 ಅಂಗಡಿ ಆಯಿತು.

ಇದೊಂದನ್ನೇ ನಂಬಬೇಡಿ. ಇನ್ನೊಂದು ದಾರಿಯಿಂದಲೂ ಬಂದು ನೋಡಿ. 2011ರಲ್ಲಿ ದಾವಣಗೆರೆಯ ಜನಸಂಖ್ಯೆ 4.35 ಲಕ್ಷ. ಮನೆಗೆ ನಾಲ್ಕೂವರೆ ಜನ ಅಂದರೂ 97 ಸಾವಿರ ಮನೆ. ಊರು ಬೆಳೆದಿದೆ, ಲೆಕ್ಕಕ್ಕೆ ಸುಲಭ ಆಗಲಿ ಅಂತ 1 ಲಕ್ಷ ಅನ್ನೋಣ. ಒಂದು ಮನೆಯಿಂದ ವರ್ಷಕ್ಕೆ 6 ಬ್ಲೌಸ್ ಹೊಲಿಗೆಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು 6 ಲಕ್ಷ ಬ್ಲೌಸ್. ಒಬ್ಬರು ದಿನಕ್ಕೆ 4 ಹೊಲಿದರೆ, ವರ್ಷಕ್ಕೆ 280 ದಿನ ಕೂತರೆ, 1,120 ಆಗುತ್ತದೆ. 6 ಲಕ್ಷವನ್ನು ಅದರಿಂದ ಭಾಗಿಸಿದರೆ ಸುಮಾರು 540 ಜನ. ಅರ್ಧ ಜನ ಮನೆಯಲ್ಲೇ ಹೊಲಿಯುವ ಹೆಣ್ಣುಮಕ್ಕಳು ಅಂದುಕೊಳ್ಳೋಣ. ಉಳಿದ 270 ಜನ ಅಂಗಡಿಗೆ ಇಬ್ಬರಂತೆ ಕೂತರೆ 135 ಲೇಡೀಸ್ ಟೈಲರ್ ಅಂಗಡಿ. ಪ್ಯಾಂಟು, ಶರ್ಟು, ಸ್ಕೂಲ್ ಯೂನಿಫಾರ್ಮ್ ಹೊಲಿಯುವವರನ್ನು ಸೇರಿಸಿದರೆ ಇನ್ನಷ್ಟು.

ಬ್ಲೌಸ್ ಎಷ್ಟು, ದಿನಕ್ಕೆ ಎಷ್ಟು ಅನ್ನೋದೆಲ್ಲ ಇಲ್ಲಿ ನನ್ನ ಅಂದಾಜು. ನೀವು ಅಮ್ಮನನ್ನು, ಅಕ್ಕಪಕ್ಕದ ಹತ್ತು ಮನೆಯವರನ್ನು ಕೇಳಿ ಬದಲಾಯಿಸಿ. ಮುಖ್ಯ ವಿಷಯ ಬೇರೆ. ಒಂದು ದಾರಿಯಲ್ಲಿ 180 ಬಂತು, ಇನ್ನೊಂದರಲ್ಲಿ 135 ಮತ್ತು ಸ್ವಲ್ಪ ಜಾಸ್ತಿ. ಎರಡೂ ಹತ್ತಿರ ಇವೆ. ಹಾಗಾಗಿ 150 ಅಂತ ಇಟ್ಟುಕೊಂಡು ಮುಂದೆ ಹೋಗಬಹುದು. ಒಂದರಲ್ಲಿ 150, ಇನ್ನೊಂದರಲ್ಲಿ 2,000 ಬಂದಿದ್ದರೆ ಎಲ್ಲೋ ಒಂದು ಕಡೆ ದೊಡ್ಡ ತಪ್ಪಾಗಿದೆ ಅಂತ ಅರ್ಥ. ಅದನ್ನು ಹುಡುಕದೆ ಮುಂದೆ ಹೋಗಬಾರದು.

ಸರ್ಕಾರಿ ಪಟ್ಟಿಗಳನ್ನು ನೋಡಬಹುದು, ಆದರೆ ಹುಷಾರು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಅದರಲ್ಲಿ ಉಪಕರಣಕ್ಕೆ ಅಂತ 15 ಸಾವಿರ ರೂಪಾಯಿವರೆಗೆ ನೆರವಿದೆ. ಹಾಗಾಗಿ ಹೆಸರು ಬರೆಸಿದವರಲ್ಲಿ ಮನೆಯಲ್ಲಿ ಒಂದು ಮಷಿನ್ ಇಟ್ಟುಕೊಂಡವರೂ, ಈಗಷ್ಟೇ ಹೊಲಿಗೆ ಕಲಿತವರೂ ಇರುತ್ತಾರೆ. ಅವರ ಕೆಲಸದ ಮೇಲೆ ನನಗೆ ಗೌರವ ಇದೆ. ಆದರೆ ಮೂವತ್ತು ಗಿರಾಕಿ ಇರುವ ಹೆಣ್ಣುಮಗಳಿಗೆ ಎಲ್ಲರ ಅಳತೆ ಬಾಯಿಪಾಠ ಇರುತ್ತದೆ. ಅವರಿಗೆ ನಿಮ್ಮ ಆ್ಯಪ್ ಬೇಕಿಲ್ಲ. ಪಾಲಿಕೆಯ ವ್ಯಾಪಾರ ಪರವಾನಗಿ ಪಟ್ಟಿಯ ತೊಂದರೆ ಇದಕ್ಕೆ ಉಲ್ಟಾ. ಪರವಾನಗಿ ಮಾಡಿಸದ ಸಣ್ಣ ಅಂಗಡಿ ಅದರಲ್ಲಿ ಸಿಗಲ್ಲ.

ಎಲ್ಲ ಪಟ್ಟಿಗಿಂತ ಒಳ್ಳೆಯ ಮಾಹಿತಿ ಇರುವ ಜಾಗ ಒಂದಿದೆ. ದಾರ, ಲೈನಿಂಗ್, ಕ್ಯಾನ್ವಾಸ್, ಹುಕ್ಕು, ಜಿಪ್ಪು ಮಾರುವ ಟೈಲರಿಂಗ್ ಮೆಟೀರಿಯಲ್ ಅಂಗಡಿ. ಊರಿನ ಟೈಲರ್‌ಗಳೆಲ್ಲ ಅಲ್ಲಿಗೆ ಬರಲೇಬೇಕು. ಯಾರು ವಾರಕ್ಕೆ ಎಷ್ಟು ಮೀಟರ್ ಲೈನಿಂಗ್ ಒಯ್ಯುತ್ತಾರೆ ಅಂತ ಆ ಅಂಗಡಿಯವರಿಗೆ ಗೊತ್ತು. ಅಂದರೆ ಯಾರ ಹತ್ತಿರ ಎಷ್ಟು ಕೆಲಸ ಇದೆ ಅಂತಲೂ ಗೊತ್ತು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹೋಗಿ ಒಂದು ಗಂಟೆ ಕೂತುಕೊಳ್ಳಿ. ‘ಅಣ್ಣಾ, ತಿಂಗಳಿಗೆ ನಿಮ್ಮ ಹತ್ತಿರ ಬರೋ ಟೈಲರ್‌ಗಳು ಎಷ್ಟು ಜನ ಇರಬಹುದು? ಅದರಲ್ಲಿ ಆಳು ಇಟ್ಟುಕೊಂಡವರು ಎಷ್ಟು?’ ಅಂತ ಕೇಳಿ. ಮಷಿನ್ ರಿಪೇರಿ ಮಾಡುವವರನ್ನೂ ಕೇಳಿ. ಅವರು ಪ್ರತಿ ಅಂಗಡಿಯ ಒಳಗೂ ಹೋಗಿ ಬಂದಿರುತ್ತಾರೆ. ಮುಂದೆ ನಿಮ್ಮ ಆ್ಯಪ್ ಬಗ್ಗೆ ನಾಲ್ಕು ಜನಕ್ಕೆ ಹೇಳುವವರೂ ಇವರೇ.

ದಾವಣಗೆರೆಯಿಂದ ರಾಜ್ಯಕ್ಕೆ ಹೋಗೋಣ. 2011ರಲ್ಲಿ ಕರ್ನಾಟಕದ ಪಟ್ಟಣ, ನಗರಗಳ ಜನಸಂಖ್ಯೆ 2.36 ಕೋಟಿ. ಅದು ದಾವಣಗೆರೆಯ 54 ಪಟ್ಟು. 150ನ್ನು 54ರಿಂದ ಗುಣಿಸಿದರೆ 8,100 ಅಂಗಡಿ. ಇದರಲ್ಲಿ ಬೆಂಗಳೂರೇ ಮೂರನೇ ಒಂದು ಪಾಲಿಗಿಂತ ಜಾಸ್ತಿ, 84 ಲಕ್ಷ. ಅಲ್ಲಿ ರೆಡಿಮೇಡ್ ಓಡಾಟ ಬೇರೆ, ಅಂಗಡಿ ಬಾಡಿಗೆ ಬೇರೆ, ಟೈಲರ್‌ಗಳ ಭಾಷೆಯೂ ಬೇರೆ ಬೇರೆ. ಬೆಂಗಳೂರನ್ನು ಬಿಟ್ಟರೆ 35 ಪಟ್ಟು, ಅಂದರೆ ಸುಮಾರು 5,200 ಅಂಗಡಿ. ಹಾಗಾಗಿ ‘5,200ರಿಂದ 8,100’ ಅಂತ ಬರೆದಿಡಿ. ಒಂದೇ ಸಂಖ್ಯೆ ಬರೆಯಬೇಡಿ. ಇಷ್ಟು ಅಂದಾಜುಗಳನ್ನು ಗುಣಿಸಿದ ಮೇಲೆ ಒಂದೇ ಸಂಖ್ಯೆ ಹೇಳಿದರೆ ನಮ್ಮನ್ನು ನಾವೇ ನಂಬಿಸಿಕೊಂಡ ಹಾಗೆ.

6 ಕೋಟಿಯಿಂದ 8 ಸಾವಿರಕ್ಕೆ ಇಳಿದೆವು ಅಂತ ಬೇಜಾರಾಗಬೇಡಿ. ಆ 6 ಕೋಟಿ ನಿಮ್ಮದು ಯಾವತ್ತೂ ಆಗಿರಲಿಲ್ಲ.

ಈಗ ಲೆಕ್ಕವನ್ನು ಹಿಂದಿನಿಂದ ಮಾಡಿ. ನಿಮಗೆ ಬದುಕೋಕೆ ಎಷ್ಟು ಬೇಕು? ಇಬ್ಬರಿಗೂ 30 ಸಾವಿರದಂತೆ 60 ಸಾವಿರ. ಅಂಗಡಿ ಅಂಗಡಿ ತಿರುಗೋಕೆ 10 ಸಾವಿರ, ಸರ್ವರ್ ಮತ್ತು ಚಿಲ್ಲರೆ ಖರ್ಚಿಗೆ 5 ಸಾವಿರ. ತಿಂಗಳಿಗೆ 75 ಸಾವಿರ. ಪ್ಲೇ ಸ್ಟೋರ್ ಮೂಲಕ ದುಡ್ಡು ಪಡೆದರೆ ಗೂಗಲ್‌ನ ಪಾಲು ತೆಗೆಯಬೇಕು. 2021ರ ಜುಲೈನಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದವರೆಗೆ ಶೇ 15 ಅಂತ ಮಾಡಿದರು. ಈ ದರ ಆಗಾಗ ಬದಲಾಗುತ್ತದೆ, ಖಾತೆ ತೆರೆಯುವ ದಿನ ಒಮ್ಮೆ ನೋಡಿಕೊಳ್ಳಿ. 100 ರೂಪಾಯಿಯಲ್ಲಿ ನಿಮಗೆ ಉಳಿಯೋದು 85. 75 ಸಾವಿರಕ್ಕೆ 882 ಅಂಗಡಿಗಳು ಪ್ರತಿ ತಿಂಗಳೂ ತಪ್ಪದೆ ಕಟ್ಟಬೇಕು. ಜಿಎಸ್‌ಟಿಯನ್ನು ನಾನು ಇಲ್ಲಿ ಸೇರಿಸಿಲ್ಲ, ಅದನ್ನು ಒಬ್ಬ ಸಿಎ ಹತ್ತಿರ ಕೇಳಿ.

882 ಅಂದರೆ ರಾಜ್ಯದ ಆರರಿಂದ ಒಂಬತ್ತು ಅಂಗಡಿಗಳಲ್ಲಿ ಒಂದು. ಇಬ್ಬರೇ ಇರುವ ತಂಡಕ್ಕೆ ಇದು ಬಹಳ ಕಷ್ಟ. ಅದರ ಮೇಲೆ, ಬಂದವರೆಲ್ಲ ಉಳಿಯುವುದಿಲ್ಲ. ತಿಂಗಳಿಗೆ ನೂರಕ್ಕೆ 5 ಅಂಗಡಿ ಬಿಟ್ಟುಹೋದರೂ ವರ್ಷದ ಕೊನೆಗೆ ನೂರರಲ್ಲಿ 54 ಮಾತ್ರ ಉಳಿಯುತ್ತವೆ. ಲೆಕ್ಕ ಮಾಡಿ ನೋಡಿ, 0.95ನ್ನು ಹನ್ನೆರಡು ಸಲ ಗುಣಿಸಿದರೆ ಅಷ್ಟೇ ಬರೋದು. ಟೈಲರ್ ಕೆಲಸದಲ್ಲಿ ಆಷಾಢ ಅಂತ ಒಂದು ಖಾಲಿ ತಿಂಗಳು ಬೇರೆ ಇದೆ. ಮದುವೆ ಇಲ್ಲ, ಹಬ್ಬ ಇಲ್ಲ. ‘ಈ ತಿಂಗಳು ಬೇಡ’ ಅಂತ ನಿಲ್ಲಿಸಿದವರು ಮತ್ತೆ ಶುರು ಮಾಡಬೇಕಾದರೆ ನೀವೇ ಹೋಗಿ ಕೇಳಬೇಕು. ನನ್ನ ಸಲಹೆ ಕೇಳಿದರೆ ತಿಂಗಳ ಲೆಕ್ಕ ಬಿಟ್ಟು ಮೂರು ತಿಂಗಳು ಅಥವಾ ವರ್ಷಕ್ಕೆ ಒಟ್ಟಿಗೆ ತೆಗೆದುಕೊಳ್ಳಿ.

ಇಲ್ಲಿಗೆ ಬಂದಾಗ ತುಂಬಾ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಕೈ ಬಿಡುತ್ತಾರೆ, ಇಲ್ಲವೇ ‘ಇಂಡಿಯಾ ಪೂರ್ತಿ ಮಾಡೋಣ’ ಅಂತ ಸಂಖ್ಯೆಯನ್ನು ಹಿಗ್ಗಿಸುತ್ತಾರೆ. ನೀವು ಎರಡೂ ಮಾಡಬೇಡಿ. ವಾರ್ಡ್ ಸುತ್ತುವಾಗ ಬರೆದುಕೊಂಡ ಮಷಿನ್ ಸಂಖ್ಯೆ ತೆಗೆಯಿರಿ.

ನಾಲ್ಕು ಅಥವಾ ಜಾಸ್ತಿ ಮಷಿನ್ ಇರುವ ಅಂಗಡಿಯಲ್ಲಿ ಏನಾಗುತ್ತದೆ ಅಂತ ನೋಡಿ. ಮಾಸ್ಟರ್ ಅಳತೆ ತೆಗೆದು ಕತ್ತರಿಸುತ್ತಾರೆ. ಹೊಲಿಯುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಸಾದಾ ಬ್ಲೌಸ್‌ಗೆ ಒಂದು ರೇಟು, ಲೈನಿಂಗ್ ಇದ್ದರೆ ಒಂದು, ಪ್ರಿನ್ಸೆಸ್ ಕಟ್‌ಗೆ ಇನ್ನೊಂದು. ಆರಿ ವರ್ಕ್, ಸೀರೆ ಕುಚ್ಚು ಹೊರಗಡೆ ಹೋಗುತ್ತದೆ. ವಾರದ ಕೊನೆಗೆ ಬಟವಾಡೆ. ಯಾರು ಎಷ್ಟು ಪೀಸ್ ಮುಗಿಸಿದರು, ಅಡ್ವಾನ್ಸ್ ಎಷ್ಟು ತಗೊಂಡಿದ್ದಾರೆ ಅನ್ನೋದರ ಮೇಲೆ ವಾರ ವಾರ ಮಾತು ಬೆಳೆಯುತ್ತದೆ. ಗಿರಾಕಿಯ ಅಳತೆಗೆ ನೋಟ್‌ಬುಕ್ ಸಾಕು. ಈ ಲೆಕ್ಕಕ್ಕೆ ನೋಟ್‌ಬುಕ್ ಸಾಲುವುದಿಲ್ಲ. ದುಡ್ಡು ಸೋರುವ ಜಾಗ ಇದು. ಜನ ಆ್ಯಪ್‌ಗೆ ದುಡ್ಡು ಕೊಡೋದು ಇಂಥ ಜಾಗದಲ್ಲೇ.

ಈ ಅಂಗಡಿಗಳಿಗೆ ತಿಂಗಳಿಗೆ 300 ಅಂತ ಇಟ್ಟರೆ ನಿಮಗೆ 255 ಉಳಿಯುತ್ತದೆ. 75 ಸಾವಿರಕ್ಕೆ 294 ಅಂಗಡಿ ಸಾಕು. ಆದರೆ ಅಂಥ ಅಂಗಡಿಗಳೂ ಕಡಿಮೆ ತಾನೇ? ದಾವಣಗೆರೆಯ 150ರಲ್ಲಿ 40 ಅಂದುಕೊಂಡರೆ ರಾಜ್ಯದಲ್ಲಿ 1,400ರಿಂದ 2,160. ಐದರಿಂದ ಏಳರಲ್ಲಿ ಒಂದು ಬೇಕು. ಹಾಗೆ ನೋಡಿದರೆ ಪಾಲು ಇನ್ನೂ ಸ್ವಲ್ಪ ಜಾಸ್ತಿಯೇ ಆಯಿತು. ಆದರೂ ಇದನ್ನೇ ಆರಿಸಿ ಅಂತ ನಾನು ಹೇಳುತ್ತೇನೆ. 882 ಅಂಗಡಿಗೆ ಹೋಗಿ ಕಲಿಸೋದಕ್ಕೂ, ಅವರ ಫೋನ್ ತೆಗೆದುಕೊಂಡು ಉತ್ತರ ಹೇಳೋದಕ್ಕೂ ಇಬ್ಬರ ಕೈಲಿ ಆಗಲ್ಲ. 294 ಅಂಗಡಿ ಕಷ್ಟಪಟ್ಟರೆ ಆಗುತ್ತದೆ. ದೊಡ್ಡ ಅಂಗಡಿ ಒಮ್ಮೆ ಬಟವಾಡೆ ಲೆಕ್ಕವನ್ನು ಆ್ಯಪ್‌ಗೆ ಹಾಕಿದರೆ ಆಷಾಢ ಬಂತು ಅಂತ ಬಿಡೋದೂ ಕಷ್ಟ.

ಪ್ರತಿಸ್ಪರ್ಧಿ ಯಾರು ಅಂತ ನೋಡೋಕೆ ಪ್ಲೇ ಸ್ಟೋರ್‌ನಲ್ಲಿ ಹುಡುಕುತ್ತೀರಿ ಅಲ್ವಾ? ಅಲ್ಲಿ ‘10 ಸಾವಿರ+’ ಅಂತ ಕಂಡರೆ ಆ ಆ್ಯಪ್ ಬಂದ ದಿನದಿಂದ ಇಲ್ಲಿಯವರೆಗೆ 10 ಸಾವಿರದಿಂದ 50 ಸಾವಿರದ ನಡುವೆ ಇನ್‌ಸ್ಟಾಲ್ ಆಗಿದೆ ಅಂತ ಅರ್ಥ. ತೆಗೆದುಹಾಕಿದವರೂ ಅದರಲ್ಲಿ ಸೇರಿರುತ್ತಾರೆ. ಆ ಸಂಖ್ಯೆಗಿಂತ ಹೊಸ ರಿವ್ಯೂಗಳನ್ನು ಓದಿ. ಕಳೆದ ಒಂದು ತಿಂಗಳಲ್ಲಿ ಯಾರಾದರೂ ಬರೆದಿದ್ದಾರಾ? ಏನು ಕೇಳುತ್ತಿದ್ದಾರೆ? ಯಾವ ಊರಿನ ಮಾತು ಕಾಣುತ್ತದೆ? ಐದು ಆ್ಯಪ್‌ಗಳ ಬೈಗುಳ ಓದಿದರೆ ನಿಮ್ಮ ಮೊದಲ ಆವೃತ್ತಿಯಲ್ಲಿ ಏನಿರಬೇಕು ಅಂತ ಗೊತ್ತಾಗುತ್ತದೆ.

ಆದರೆ ನಿಮ್ಮ ನಿಜವಾದ ಪ್ರತಿಸ್ಪರ್ಧಿ ಕೌಂಟರಿನ ಮೇಲಿರುವ ಬಿಲ್ ಬುಕ್. ಒಂದು ಪುಟ ತೆಗೆದು ನೋಡಿ. ಹೆಸರು, ಅಳತೆ, ಕೊಡುವ ದಿನ, ಪಕ್ಕದಲ್ಲಿ ಬಟ್ಟೆಯ ಒಂದು ಚೂರು ಕತ್ತರಿಸಿ ಪಿನ್ ಹೊಡೆದಿರುತ್ತಾರೆ. ಯಾವ ಬಟ್ಟೆ ಯಾರದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಎಷ್ಟು ಚಂದದ ವ್ಯವಸ್ಥೆ ಅದು! ಕರೆಂಟ್ ಬೇಡ, ಚಾರ್ಜ್ ಬೇಡ, ಅರ್ಧ ನಿಮಿಷದ ಕೆಲಸ. ನಿಮ್ಮ ಆ್ಯಪ್‌ನಲ್ಲಿ ಒಂದು ಅಳತೆ ಬರೆಯೋಕೆ ಎರಡು ನಿಮಿಷ ಬೇಕಾದರೆ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಯಾರೂ ಅದನ್ನು ಮುಟ್ಟಲ್ಲ. ಕಾಲು, ಅರ್ಧ, ಮುಕ್ಕಾಲು ಇಂಚಿಗೆ ಒಂದೊಂದು ಗುಂಡಿ ಇಡೋದು ನಿಮಗೆ ಸಣ್ಣ ವಿಷಯ ಅನಿಸಬಹುದು. ಹತ್ತರಲ್ಲಿ ಒಬ್ಬರು ಬಳಸುತ್ತಾರೋ ಮೂವರು ಬಳಸುತ್ತಾರೋ ಅಂತ ತೀರ್ಮಾನ ಆಗೋದು ಅಲ್ಲೇ. ಅಂದರೆ ಮಾರುಕಟ್ಟೆಯ ಅಳತೆ ಜನಗಣತಿಯಲ್ಲಿ ಎಷ್ಟಿದೆಯೋ ಅಷ್ಟೇ ನಿಮ್ಮ ಆ್ಯಪ್‌ನ ಸ್ಕ್ರೀನಿನಲ್ಲೂ ಇದೆ.

ಐಫೋನ್ ಬಗ್ಗೆ ಸದ್ಯ ತಲೆ ಕೆಡಿಸಿಕೊಳ್ಳಬೇಡಿ. ಭಾರತದ ಫೋನ್‌ಗಳಲ್ಲಿ ನೂರಕ್ಕೆ 95ರ ಆಸುಪಾಸು ಆ್ಯಂಡ್ರಾಯ್ಡ್. ಆ್ಯಪಲ್‌ಗೆ ವರ್ಷ ವರ್ಷ 99 ಡಾಲರ್ ಕಟ್ಟಬೇಕು, ಗೂಗಲ್‌ಗೆ ಒಂದೇ ಸಲ 25 ಡಾಲರ್. ಭಾಷೆ ಕನ್ನಡ ಇರಲಿ, ಜೊತೆಗೆ ಉರ್ದು ಮಾತಾಡುವ ಅಂಗಡಿಗಳಿಗೆ ಏನು ಬೇಕು ಅಂತ ಅವರನ್ನೇ ಕೇಳಿ.

ಇನ್ನು ಪರೀಕ್ಷೆ. ಇದಕ್ಕೆ ಗೂಗಲ್ ನಿಯಮವೇ ಒಂದು ದಾರಿ ಮಾಡಿಕೊಟ್ಟಿದೆ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮೊದಲು ಅದನ್ನು ಸತತ 14 ದಿನ ಪರೀಕ್ಷೆಗೆ ಇಡಬೇಕು. ಮೊದಲು 20 ಜನ ಬೇಕು ಅಂತಿತ್ತು, ಆಮೇಲೆ 12ಕ್ಕೆ ಇಳಿಸಿದರು. ಎಷ್ಟೋ ಜನ ಹುಡುಗರು ಗೆಳೆಯರ, ನೆಂಟರ ಫೋನಿನಲ್ಲಿ ಹಾಕಿಸಿ ಸುಮ್ನೆ ದಿನ ಎಣಿಸುತ್ತಾರೆ. ನೀವು 12 ಟೈಲರ್ ಅಂಗಡಿಗಳನ್ನೇ ಹುಡುಕಿ. ನಾಲ್ಕು ಅಥವಾ ಜಾಸ್ತಿ ಮಷಿನ್ ಇರುವ ಅಂಗಡಿಗಳು. 14 ದಿನದಲ್ಲಿ ಎರಡು ಬಟವಾಡೆ ಬರುತ್ತದೆ. ಎರಡನೇ ಬಟವಾಡೆಯನ್ನೂ ಆ್ಯಪ್ ನೋಡಿಯೇ ಮಾಡಿದವರು ಎಷ್ಟು ಅಂತ ನೋಡಿ.

‘ಈ ಆ್ಯಪ್ ಬಳಸುತ್ತೀರಾ?’ ಅಂತ ಮಾತ್ರ ಕೇಳಬೇಡಿ. ನಮ್ಮ ಜನ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲ್ಲ. ‘ಚೆನ್ನಾಗಿದೆ, ಮಾಡಿ’ ಅಂತ ಚಹಾ ಕೊಟ್ಟು ಕಳಿಸುತ್ತಾರೆ. ಅದು ಅವರ ಒಳ್ಳೆಯತನ, ನಿಮ್ಮ ಮಾರುಕಟ್ಟೆ ಅಲ್ಲ. ‘ಹೋದ ವಾರದ ಬಟವಾಡೆ ಲೆಕ್ಕ ತೋರಿಸ್ತೀರಾ? ಎಷ್ಟು ಹೊತ್ತು ಹಿಡೀತು?’ ಅಂತ ಕೇಳಿ. 14 ದಿನ ಆದ ಮೇಲೆ ಮೂರು ತಿಂಗಳಿಗೆ 900 ರೂಪಾಯಿ ಕೇಳಿ. ಟೈಲರ್‌ಗಳಿಗೆ ಅಡ್ವಾನ್ಸ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. 12ರಲ್ಲಿ 4 ಅಂಗಡಿ ಕೊಟ್ಟರೆ ಮುಂದೆ ಹೋಗಿ. ಒಂದೇ ಕೊಟ್ಟರೆ ಏನು ಸಾಲುತ್ತಿಲ್ಲ ಅಂತ ಉಳಿದ 11 ಜನರನ್ನು ಕೇಳಿ, ತಿದ್ದಿ, ಬೇರೆ 12 ಅಂಗಡಿಗೆ ಹೋಗಿ. ಯಾರೂ ಕೊಡದಿದ್ದರೆ ನಿಲ್ಲಿಸಿ. ಆಗ ಹೋಗೋದು ನಿಮ್ಮ ಕೆಲವು ಸಂಜೆಗಳು ಅಷ್ಟೇ.

ಕೆಲಸ ಬಿಡಬೇಡಿ ಅಂದದ್ದು ಏಕೆ ಅಂತ ಈಗ ಲೆಕ್ಕದಲ್ಲೇ ತೋರಿಸುತ್ತೇನೆ. ಮೊದಲ ವರ್ಷ ನೀವು ಹೋಗಿ ಬರಲಾಗುವ ಊರು ದಾವಣಗೆರೆ, ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ. ನಾಲ್ಕೂ ಊರಿನ ಜನಸಂಖ್ಯೆ ಸೇರಿಸಿದರೂ ದಾವಣಗೆರೆಯ ಎರಡರಷ್ಟು ಆಗಲ್ಲ. 250ರ ಆಸುಪಾಸು ಅಂಗಡಿ, ಅದರಲ್ಲಿ ದೊಡ್ಡವು 70. ನಾಲ್ಕರಲ್ಲಿ ಒಬ್ಬರು ಕೊಟ್ಟರು ಅಂದರೂ 17 ಅಂಗಡಿ. ತಿಂಗಳಿಗೆ ಸಿಗೋದು ಗೂಗಲ್ ಪಾಲು ಕಳೆದು 4,300 ರೂಪಾಯಿ. ಇದು ಸಂಬಳ ಅಲ್ಲ. ಆದರೆ ಈ 17 ಅಂಗಡಿ ಗಟ್ಟಿಯಾಗಿ ನಿಂತರೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋದಾಗ ತೋರಿಸೋಕೆ ನಿಮ್ಮ ಹತ್ತಿರ ಏನೋ ಇರುತ್ತದೆ. 100 ಅಂಗಡಿ ದಾಟಿದ ಮೇಲೆ ಇಬ್ಬರಲ್ಲಿ ಒಬ್ಬರು ಕೆಲಸ ಬಿಡೋ ಮಾತು ಆಡಿ, ಇನ್ನೊಬ್ಬರು ಅಲ್ಲಿಯವರೆಗೂ ಸಂಬಳ ತರಲಿ.

ವಾರ್ಡ್ ಸುತ್ತೋಕೆ, ಅಂಗಡಿಯಲ್ಲಿ ಕೂತು ಮಾತಾಡೋಕೆ ಆಷಾಢ ಒಳ್ಳೆಯ ಕಾಲ. ಶ್ರಾವಣ ಬಂದರೆ ಯಾರೂ ಮಷಿನ್‌ನಿಂದ ತಲೆ ಎತ್ತಲ್ಲ. ಮೂರು ವಾರ್ಡ್‌ಗಳ ಅಂಗಡಿ ಸಂಖ್ಯೆ, ಮಷಿನ್ ಸಂಖ್ಯೆ, ಮೆಟೀರಿಯಲ್ ಅಂಗಡಿಯವರು ಹೇಳಿದ ಸಂಖ್ಯೆ, ಈ ಮೂರನ್ನೂ ನನಗೆ ಬರೆದು ಕಳಿಸಿ. ನನ್ನ 150 ಮತ್ತು 40ರ ಜಾಗದಲ್ಲಿ ನಿಮ್ಮವನ್ನು ಹಾಕಿ ಇಡೀ ಲೆಕ್ಕವನ್ನು ಇನ್ನೊಮ್ಮೆ ಒಟ್ಟಿಗೆ ಮಾಡೋಣ.